ಒಂದು ವರ್ಷ ಬ್ಲಾಗ್ ಬರೆದೆ, ಒಂದೂ ಮದುವೆ ಆರ್ಡರ್ ಬರಲಿಲ್ಲ. ಎಲ್ಲಿ ತಪ್ಪಿದೆ?

ಕುಮಟಾ ಸ್ಟುಡಿಯೋ · ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಕುಮಟಾ ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ದಿನಾ ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್. ಸೀಸನ್ ಬಂದರೆ ಮದುವೆ, ಉಪನಯನ, ಗೃಹಪ್ರವೇಶ. ಕಳೆದ ವರ್ಷ ಆಷಾಢದಲ್ಲಿ ಕೆಲಸ ಇಲ್ಲದೆ ಕೂತಿದ್ದಾಗ ಅಕ್ಕನ ಮಗ ಒಂದು ವೆಬ್‌ಸೈಟ್ ಮಾಡಿಕೊಟ್ಟ. "ಬ್ಲಾಗ್ ಬರೀತಾ ಇರು ಮಾವ, ಗೂಗಲ್‌ನಲ್ಲಿ ತಾನಾಗಿ ಮೇಲೆ ಬರ್ತೀಯ" ಅಂದ.

ಬರೆದೆ. ಒಟ್ಟು 14 ಬರಹ. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯದಂತೆ ಇಡುವುದು ಹೇಗೆ, 50 ಎಂಎಂ ಒಳ್ಳೆಯದೋ 85 ಎಂಎಂ ಒಳ್ಳೆಯದೋ, ಯಾಣದ ಬಂಡೆ, ವಿಭೂತಿ ಜಲಪಾತ, ಆಗಸ್ಟ್ 19ಕ್ಕೆ ವಿಶ್ವ ಛಾಯಾಗ್ರಹಣ ದಿನದ ಶುಭಾಶಯ, ಹೀಗೆ. ಜನ ಬಂದು ಓದುತ್ತಿದ್ದಾರೆ, ಅದು ಲೆಕ್ಕದಲ್ಲಿ ಕಾಣುತ್ತದೆ. ಆದರೆ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ: "ಸರ್, ನನ್ನ ಲೆನ್ಸಿಗೂ ಫಂಗಸ್ ಬಂದಿದೆ, ಕ್ಲೀನ್ ಮಾಡಿಕೊಡ್ತೀರಾ?" ಒಬ್ಬರು ಕೊಯಮತ್ತೂರಿನಿಂದ ಮಾಡಿದ್ದರು.

ಮದುವೆ ಆರ್ಡರ್ ಒಂದೂ ಇಲ್ಲ. ಈ ಆಷಾಢದಲ್ಲಿ ಮುಂದುವರಿಸಲೋ, ಡೊಮೇನ್ (ಸೈಟ್ ಹೆಸರಿನ) ದುಡ್ಡು ಉಳಿಸಲೋ? ಅನುಭವ ಇದ್ದವರು ಹೇಳಿ.

ಭಟ್ಕಳ ಬಸ್ ಸ್ಟ್ಯಾಂಡ್ · ಭಾನುವಾರ ರಾತ್ರಿ 10:15

ಉಳಿಸಿ ಮಾರಾಯ್ರೇ. ನಾನು ರೀಲ್ ಕಾಲದಿಂದ ಈ ಕೆಲಸದಲ್ಲಿದ್ದೇನೆ. ನಮ್ಮ ಕಡೆ ಆರ್ಡರ್ ಕೊಡಿಸುವವರು ನಾಲ್ಕೇ ಜನ. ಅಡುಗೆಯವರು, ಪುರೋಹಿತರು, ಕಲ್ಯಾಣ ಮಂಟಪದ ಮ್ಯಾನೇಜರ್, ಮತ್ತೆ ಹಿಂದಿನ ಮದುವೆಯ ಆಲ್ಬಮ್ ನೋಡಿದ ಅತ್ತೆ. ಗೂಗಲ್ ಐದನೆಯವನಾಗಿ ಬರುವುದಕ್ಕೆ ಇನ್ನೂ ಹತ್ತು ವರ್ಷ ಬೇಕು.

ಅಡುಗೆ ಭಟ್ಟರಿಗೆ ವರ್ಷಕ್ಕೊಂದು ಒಳ್ಳೆ ಫ್ಯಾಮಿಲಿ ಫೋಟೋ ಫ್ರೇಮ್ ಹಾಕಿಸಿ ಕೊಡಿ. ಡೊಮೇನ್‌ಗಿಂತ ಅಗ್ಗ.

ಘಟ್ಟದ ಮೇಲಿನವ · ಭಾನುವಾರ ರಾತ್ರಿ 11:05

ಭಟ್ಕಳದವರು ಹೇಳಿದ್ದು ಸುಳ್ಳಲ್ಲ. ಶಿರಸಿಯಲ್ಲೂ ನನ್ನ ಅರ್ಧ ಕೆಲಸ ಬರುವುದು ಅಡುಗೆಯವರಿಂದಲೇ. ಉಳಿದರ್ಧದ ಬಗ್ಗೆ ಹೇಳುತ್ತೇನೆ.

ಈಗ ನಮ್ಮ ಕಡೆ ಮದುವೆ ಊರಲ್ಲಿ, ತೀರ್ಮಾನ ಬೆಂಗಳೂರಲ್ಲಿ. ಅಪ್ಪ ಅಮ್ಮ ತೋಟದ ಮನೆಯಲ್ಲಿರುತ್ತಾರೆ. ಫೋಟೋಗ್ರಾಫರ್ ಯಾರು ಅಂತ ಹುಡುಕುವವನು ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸ ಮಾಡುವ ಮಗ, ಇಲ್ಲ ಮದುಮಗಳೇ. ಅವರಿಗೆ ಅಡುಗೆ ಭಟ್ಟರ ಪರಿಚಯ ಇಲ್ಲ. ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಹುಡುಕುತ್ತಾರೆ. ಬ್ಲಾಗ್ ಇರಬೇಕಾದ್ದು ಅವರಿಗೆ.

ನಿಮ್ಮ 14 ಬರಹದ ಪಟ್ಟಿ ನೋಡಿದೆ. ಬೇಜಾರು ಮಾಡಿಕೊಳ್ಳಬೇಡಿ, ಅಷ್ಟೂ ನೀವು ನನಗಾಗಿ ಬರೆದದ್ದು. ಫಂಗಸ್ ಬರಹ ನಾನೂ ಓದಿದ್ದೇನೆ, ಚೆನ್ನಾಗಿದೆ. ಆದರೆ ನಾನು ನಿಮಗೆ ಮದುವೆ ಕೊಡುವವನಲ್ಲವಲ್ಲ.

ನನ್ನದೂ ಇದೇ ಕಥೆ ಆಗಿತ್ತು. ಮಾರಿಕಾಂಬೆ ಜಾತ್ರೆಯ ಬಗ್ಗೆ ದೊಡ್ಡದಾಗಿ ಬರೆದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಯಾವಾಗ ಅಂತ ಊರೆಲ್ಲ ಹುಡುಕುತ್ತದೆ. ಒಂದೇ ವಾರದಲ್ಲಿ ವರ್ಷಕ್ಕಾಗುವಷ್ಟು ಜನ ಬಂದರು. ಬಂದವರು ರಥೋತ್ಸವ ಯಾವತ್ತು ಅಂತ ನೋಡಿ ಹೋದರು. ಒಬ್ಬರೂ "ನೀವು ಮದುವೆ ಫೋಟೋ ತೆಗೀತೀರಾ" ಅಂತ ಕೇಳಲಿಲ್ಲ. ಸಂತೆಯಲ್ಲಿ ಜನ ಇದ್ದರು, ನನ್ನ ಅಂಗಡಿ ಎದುರು ಯಾರೂ ಇರಲಿಲ್ಲ.

ಆಮೇಲೆ ಹೆಂಡತಿ ಒಂದು ಮಾತು ಹೇಳಿದಳು. "ಫೋನಲ್ಲಿ ಎಲ್ಲರಿಗೂ ಅದನ್ನೇ ಅದನ್ನೇ ಹೇಳ್ತೀರಲ್ಲ, ಅದನ್ನೇ ಬರೆದು ಹಾಕಿ." ಅವತ್ತಿನಿಂದ ಫೋನ್ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಯಾರು ಏನು ಕೇಳಿದರೂ ಅವರ ಮಾತಿನಲ್ಲೇ ಬರೆದಿಡುವುದು. ಎರಡು ತಿಂಗಳಿಗೆ ನಾಲ್ಕು ಪುಟ ತುಂಬಿತು.

ಒಂದು ಉದಾಹರಣೆ. ಮನೆ ಅಂಗಳದಲ್ಲಿ ಮದುವೆ ಮಾಡುವವರು ಪದೇ ಪದೇ ಕೇಳುತ್ತಿದ್ದರು: "ಚಪ್ಪರದ ಕೆಳಗೆ ಫೋಟೋ ಕೆಂಪಾಗಿ ಬರುತ್ತಾ?" ಬರುತ್ತದೆ. ಶಾಮಿಯಾನದವರು ಕೆಂಪು, ಹಳದಿ ಬಟ್ಟೆ ಕಟ್ಟಿರುತ್ತಾರೆ. ಹನ್ನೊಂದು ಗಂಟೆ ಬಿಸಿಲು ಅದರ ಮೂಲಕ ಇಳಿದರೆ ಮದುಮಗಳ ಮುಖ ಟೊಮೆಟೊ, ಅವಳ ಬಿಳಿ ಸೀರೆ ಕಿತ್ತಳೆ. ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಸರಿ ಮಾಡೋಣ ಅಂದರೆ ಅಂಗಳದ ಅಂಚಿನಲ್ಲಿ ನಿಂತವರು ನೀಲಿ ಆಗುತ್ತಾರೆ, ಯಾಕಂದ್ರೆ ಅಲ್ಲಿ ಆಕಾಶದ ಬೆಳಕು. ತೋಟ ಅಂಗಳಕ್ಕೆ ತಾಗಿಕೊಂಡಿದ್ದರೆ ಆ ಕಡೆಯ ಕೆನ್ನೆಗೆ ಹಸಿರು ಬೇರೆ. ಒಂದೇ ಮುಖದಲ್ಲಿ ಮೂರು ಬಣ್ಣ. ಇದಕ್ಕೆ ಎಡಿಟಿಂಗ್‌ನಲ್ಲಿ ಪೂರ್ತಿ ಔಷಧ ಇಲ್ಲ. ಮಂಟಪದ ಮೇಲಷ್ಟಾದರೂ ಬಿಳಿ ಬಟ್ಟೆ ಕಟ್ಟಿಸಿದರೆ ಮುಗಿಯಿತು.

ಇದನ್ನೇ ಬರೆದೆ. "ಅಂಗಳದ ಚಪ್ಪರಕ್ಕೆ ಯಾವ ಬಣ್ಣದ ಬಟ್ಟೆ ಕಟ್ಟಿಸಬೇಕು?" ಅಂತ ತಲೆಬರಹ. ಕೆಂಪು ಬಟ್ಟೆಯ ಕೆಳಗಿನದೊಂದು, ಬಿಳಿ ಬಟ್ಟೆಯ ಕೆಳಗಿನದೊಂದು, ಎರಡೇ ಫೋಟೋ. ಕೊನೆಯಲ್ಲಿ ನನ್ನ ನಂಬರ್. ಓದಿದವರು ಜಾತ್ರೆ ಬರಹಕ್ಕೆ ಬಂದವರ ಹತ್ತರಲ್ಲೊಂದು ಪಾಲೂ ಇಲ್ಲ. ಆದರೆ ಚಪ್ಪರದ ಬಟ್ಟೆ ಬಗ್ಗೆ ಹುಡುಕುವವರ ಮನೆಯಲ್ಲಿ ಮದುವೆ ಇದ್ದೇ ಇರುತ್ತದೆ, ಅಲ್ವಾ? ಆ ಬರಹ ಫ್ಯಾಮಿಲಿ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತು. ಆ ಸೀಸನ್‌ನಲ್ಲಿ ಮೂರು ಮದುವೆ ಅದರಿಂದಲೇ ಸಿಕ್ಕಿತು.

ತಂತಿಬೇಲಿ · ಸೋಮವಾರ ಬೆಳಗ್ಗೆ 8:20

ನಾನು ಹೊನ್ನಾವರದವಳು, ಕೆಲಸ ವೆಬ್‌ಸೈಟ್ ಕಟ್ಟುವುದು. ಘಟ್ಟದ ಮೇಲಿನ ಅಣ್ಣ ಹೇಳಿದ ನೋಟ್‌ಬುಕ್‌ಗೆ ಒಬ್ಬ ತಮ್ಮ ಇದ್ದಾನೆ. ಗೂಗಲ್ ಸರ್ಚ್ ಕನ್ಸೋಲ್. ಪುಕ್ಕಟೆ. ಜನ ಏನು ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟನೇ ಜಾಗದಲ್ಲಿತ್ತು, ಎಷ್ಟು ಜನ ಒತ್ತಿದರು, ಎಲ್ಲ ಅದರಲ್ಲಿದೆ. ಹಿಂದಿನ 16 ತಿಂಗಳ ಲೆಕ್ಕ ಸಿಗುತ್ತದೆ.

ಕುಮಟಾ ಅಣ್ಣ, ಅದನ್ನು ತೆರೆದು ಹೀಗೆ ನೋಡಿ. ತುಂಬಾ ಸಲ ಕಾಣಿಸಿಕೊಂಡಿದೆ, ಆದರೆ ಯಾರೂ ಒತ್ತಿಲ್ಲ, ಜಾಗ 10ರಿಂದ 30ರ ಒಳಗಿದೆ, ಅಂಥ ಹುಡುಕಾಟದ ಸಾಲು ಯಾವುದು? ಅದು ಜನ ನಿಮ್ಮನ್ನು ಕೇಳಿದ ಪ್ರಶ್ನೆ. ನೀವು ಅರೆಬರೆ ಉತ್ತರ ಕೊಟ್ಟಿದ್ದೀರಿ. ಹೊಸದು ಬರೆಯುವ ಮೊದಲು ಅದನ್ನು ಪೂರ್ತಿ ಮಾಡಿ.

ಇನ್ನೊಂದು. ನಿಮ್ಮ ಸೈಟ್ ಈಗಷ್ಟೇ ತೆರೆದೆ. ಒಂದು ಪುಟದಲ್ಲಿ 38 ಫೋಟೋ, ಒಂದೊಂದೂ ಆರು ಎಂಬಿ ಮೇಲೆ. ಅಂದರೆ ಒಂದು ಪುಟಕ್ಕೆ ಇನ್ನೂರು ಎಂಬಿ ದಾಟಿತು! ಜೋಯಿಡಾ ಕಡೆ ಒಂದು ಕಡ್ಡಿ ನೆಟ್‌ವರ್ಕ್‌ನಲ್ಲಿ ಅದು ಮದುವೆ ಮುಗಿದ ಮೇಲೆ ತೆರೆಯುತ್ತದೆ. ಉದ್ದದ ಬದಿ 2000 ಪಿಕ್ಸೆಲ್ ಇಟ್ಟು, ವೆಬ್‌ಪಿ ಅನ್ನುವ ಹಗುರ ಫಾರ್ಮ್ಯಾಟ್‌ಗೆ ಬದಲಿಸಿ 300 ಕೆಬಿ ಒಳಗೆ ತನ್ನಿ. ಪುಟದ ಮುಖ್ಯ ಚಿತ್ರ ಎರಡೂವರೆ ಸೆಕೆಂಡ್ ಒಳಗೆ ಕಾಣಬೇಕು ಅನ್ನುತ್ತದೆ ಗೂಗಲ್. ಜೊತೆಗೆ ಗೂಗಲ್ ನೋಡುವುದು ನಿಮ್ಮ ಪುಟದ ಮೊಬೈಲ್ ರೂಪವನ್ನೇ. ಸ್ಟುಡಿಯೋದ ದೊಡ್ಡ ಮಾನಿಟರ್‌ನಲ್ಲಿ ಚೆಂದ ಕಂಡರೆ ಸಾಲದು.

ಫೋಟೋ ಹೆಸರು ಇನ್ನೂ ಕ್ಯಾಮೆರಾ ಕೊಟ್ಟ ಡಿಎಸ್‌ಸಿ ಅಂಡರ್‌ಸ್ಕೋರ್ 4471 ಅಂತಲೇ ಇದೆ. ಅದಕ್ಕೊಂದು ಹೆಸರಿಡಿ. ಆಲ್ಟ್ ಟೆಕ್ಸ್ಟ್ ಜಾಗದಲ್ಲಿ ಚಿತ್ರದಲ್ಲಿ ಏನಿದೆಯೋ ಅದನ್ನೇ ಬರೆಯಿರಿ, ಕಣ್ಣು ಕಾಣದವರಿಗೆ ಹೇಳುವ ಹಾಗೆ. ಅದು ಇರುವುದೇ ಮೊದಲು ಅವರಿಗಾಗಿ. "ಬೆಸ್ಟ್ ಫೋಟೋಗ್ರಾಫರ್ ಕುಮಟಾ ಹೊನ್ನಾವರ ಅಂಕೋಲಾ" ಅಂತ ತುರುಕಬೇಡಿ.

ಭಟ್ಕಳ ಬಸ್ ಸ್ಟ್ಯಾಂಡ್ · ಸೋಮವಾರ ಬೆಳಗ್ಗೆ 9:02

ತಂಗೀ, ಇಷ್ಟೆಲ್ಲ ಕಲಿಯುವ ಹೊತ್ತಿಗೆ ನಾನು ಎರಡು ಉಪನಯನ ಮುಗಿಸಿರುತ್ತೇನೆ.

ತಂತಿಬೇಲಿ · ಸೋಮವಾರ ಬೆಳಗ್ಗೆ 9:10

ಮುಗಿಸಿ ಅಣ್ಣ, ಯಾರು ಬೇಡ ಅಂದರು? ಆದರೆ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಸ್ಟುಡಿಯೋ ಹುಡುಕಿದೆ, "ಶಾಶ್ವತವಾಗಿ ಮುಚ್ಚಲಾಗಿದೆ" ಅಂತ ತೋರಿಸುತ್ತಿದೆ. ಅದನ್ನಾದರೂ ಸರಿ ಮಾಡಿಸಿ. ಬ್ಲಾಗ್ ಬೇಡ ಅನ್ನುವವರಿಗೂ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ ಕಾಣುವ ಅಂಗಡಿಯ ವಿವರ) ಬೇಕು. ಅದೂ ಪುಕ್ಕಟೆ.

ಭಟ್ಕಳ ಬಸ್ ಸ್ಟ್ಯಾಂಡ್ · ಸೋಮವಾರ ಬೆಳಗ್ಗೆ 9:14

ಅಯ್ಯೋ ದೇವರೇ. ಯಾರು ಮುಚ್ಚಿದ್ದು?

ಸಿದ್ದಾಪುರದ ಬೆಂಗಳೂರಿಗ · ಸೋಮವಾರ ಮಧ್ಯಾಹ್ನ 1:35

ನಾನು ಫೋಟೋಗ್ರಾಫರ್ ಅಲ್ಲ, ದುಡ್ಡು ಕೊಟ್ಟವನು. ತಂಗಿ ಮದುವೆ ಊರಲ್ಲಾಯಿತು. ನಾನು ಹುಡುಕಿದ್ದು ಹೇಗೆ ಅಂತ ಹೇಳುತ್ತೇನೆ, ಉಪಯೋಗ ಆದರೆ ಆಗಲಿ.

ಮೊದಲು ಇನ್‌ಸ್ಟಾದಲ್ಲಿ ನೋಡಿದೆ. ಎಲ್ಲರ ಫೋಟೋ ಒಂದೇ ಥರ. ಹೊಗೆ ಬಾಂಬು, ನಿಧಾನ ನಡಿಗೆ, ಹಿಂದೆ ಅದೇ ಹಾಡು. ಯಾರದ್ದು ಯಾವ ಊರು ಅಂತ ಗೊತ್ತಾಗಲಿಲ್ಲ. ಆಮೇಲೆ ಗೂಗಲ್‌ನಲ್ಲಿ "ಹವ್ಯಕ ವೆಡ್ಡಿಂಗ್ ಫೋಟೋಗ್ರಾಫರ್ ಶಿರಸಿ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಮೂರು ಸೈಟ್ ತೆರೆದೆ. ಒಂದರಲ್ಲಿ ಬರೇ ಫೋಟೋ. ಇನ್ನೊಂದರಲ್ಲಿ "ನಾವು ಕ್ಷಣಗಳನ್ನು ನೆನಪಾಗಿಸುತ್ತೇವೆ" ಅಂತ ದೊಡ್ಡ ಅಕ್ಷರ. ಮೂರನೆಯವರು ಒಂದು ಮದುವೆಯ ದಿನವನ್ನು ಪೂರ್ತಿ ಬರೆದಿದ್ದರು. ನಾಂದಿ ಎಷ್ಟು ಹೊತ್ತಿಗೆ, ಕಾಶಿಯಾತ್ರೆಗೆ ಅಂಗಳದಲ್ಲಿ ಎಲ್ಲಿ ನಿಂತರು, ಅಂತರ್ಪಟ ಸರಿಯುವಾಗ ಇಬ್ಬರು ಕ್ಯಾಮೆರಾದವರು ಎರಡು ಬದಿಯಲ್ಲಿ ಯಾಕೆ ಬೇಕು, ಪಂಕ್ತಿಯಲ್ಲಿ ಉಣ್ಣುವವರ ಫೋಟೋ ಯಾಕೆ ತೆಗೆಯುವುದಿಲ್ಲ. ಕರೆಂಟ್ ಹೋದಾಗ ಏನು ಮಾಡಿದರು ಅಂತಲೂ ಇತ್ತು.

ಅಪ್ಪನಿಗೆ ಓದಿ ಹೇಳಿದೆ. ಪಂಕ್ತಿಯ ಸಾಲು ಕೇಳಿದ ಕೂಡಲೇ "ಇವರಿಗೇ ಕೊಡು" ಅಂದರು. ಅವರ ರೇಟು ಉಳಿದವರಿಗಿಂತ ಜಾಸ್ತಿ ಇತ್ತು. ನಾನು ಚೌಕಾಸಿ ಮಾಡಲಿಲ್ಲ. ನಮ್ಮ ಮನೆ ಪದ್ಧತಿ ಗೊತ್ತಿರುವವರಿಗೆ ಮತ್ತೆ ವಿವರಿಸುವ ಕೆಲಸ ಇಲ್ಲವಲ್ಲ, ಅದಕ್ಕೆ ಕೊಟ್ಟ ದುಡ್ಡು ಅಂದುಕೊಂಡೆ.

ಘಟ್ಟದ ಮೇಲಿನವ · ಸೋಮವಾರ ಸಂಜೆ 6:40

ಆ ಮೂರನೆಯವರು ಯಾರು ಅಂತ ನನಗೆ ಗೊತ್ತಾಯಿತು. ನಾನಲ್ಲ. ಹೊಟ್ಟೆಕಿಚ್ಚಾಯಿತು ಅಷ್ಟೇ.

ಕಾಳಿ ದಂಡೆ · ಸೋಮವಾರ ರಾತ್ರಿ 9:30

ಕಾರವಾರದಿಂದ. ನನ್ನದು ಕೈ ಸುಟ್ಟುಕೊಂಡ ಕಥೆ.

ಒಬ್ಬರು ಏಜೆನ್ಸಿಯವರು ಬಂದು "ಮೂರು ತಿಂಗಳಲ್ಲಿ ಗೂಗಲ್‌ನಲ್ಲಿ ನಂಬರ್ ಒನ್, ಗ್ಯಾರಂಟಿ" ಅಂದರು. ಕೊಟ್ಟೆ. ಅವರು ಮಾಡಿದ್ದೇನು ಗೊತ್ತಾ? ಒಂದು ಪುಟ ಬರೆದು, ಊರ ಹೆಸರು ಮಾತ್ರ ಬದಲಾಯಿಸಿ ಕಾರವಾರ, ಅಂಕೋಲಾ, ಹಳಿಯಾಳ, ಯಲ್ಲಾಪುರ, ಮುಂಡಗೋಡ ಅಂತ ಹನ್ನೆರಡು ಪುಟ ಮಾಡಿದರು. ಮುಂಡಗೋಡದ ಪುಟದಲ್ಲೂ "ಸಮುದ್ರ ತೀರದ ಈ ಸುಂದರ ಪಟ್ಟಣದಲ್ಲಿ" ಅಂತ ಹಾಗೇ ಉಳಿದಿತ್ತು! ಸ್ವಲ್ಪ ದಿನ ಮೇಲೆ ಬಂದೆ, ಆಮೇಲೆ ಸ್ಟುಡಿಯೋ ಹೆಸರು ಹೊಡೆದರೂ ನಾನು ಸಿಗದ ಸ್ಥಿತಿ. ಆಮೇಲೆ ಓದಿದೆ, ಹೀಗೆ ಊರೂರಿಗೆ ನಕಲು ಪುಟ ಮಾಡುವುದು ತಪ್ಪು ಅಂತ ಗೂಗಲ್‌ನ ಸ್ಪ್ಯಾಮ್ ನಿಯಮದಲ್ಲೇ ಇದೆ. ನಂಬರ್ ಒನ್ ಗ್ಯಾರಂಟಿ ಕೊಡುವವರನ್ನು ನಂಬಬೇಡಿ ಅಂತ ಗೂಗಲ್‌ನವರೇ ಬರೆದಿದ್ದಾರೆ. ಎಲ್ಲ ಅಳಿಸಿದೆ.

ಈಗ ಬೇರೆ ದಾರಿ. ನನಗೆ ಬರುವ ಫೋನ್‌ನಲ್ಲಿ ಅರ್ಧ ಒಂದೇ ಪ್ರಶ್ನೆ, "ದೇವಬಾಗದಲ್ಲಿ ಡ್ರೋನ್ ಹಾರಿಸ್ತೀರಾ?" ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುಸ್ಥಾವರ. 2021ರ ಡ್ರೋನ್ ನಿಯಮದ ಪ್ರಕಾರ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಯಾವ ಜಾಗ ಯಾವ ಬಣ್ಣ ಅಂತ ನೋಡಿಕೊಂಡೇ ಹೊರಡಬೇಕು. ಇದನ್ನು ನೇರವಾಗಿ ಬರೆದೆ. ಡ್ರೋನ್ ಇಲ್ಲದೆ ಕಾಳಿ ನದಿ ಸಮುದ್ರ ಸೇರುವ ಜಾಗವನ್ನು ಎತ್ತರದಿಂದ ಹೇಗೆ ತೆಗೆಯಬಹುದು, ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತದೆ ಅಂತಲೂ ಬರೆದೆ. ನವೆಂಬರ್ ಕೊನೆಯಲ್ಲಿ ಆರು ಗಂಟೆ ಹೊಡೆಯುತ್ತಿದ್ದಂತೆ ಮುಗಿಯಿತು. ಮೇ ಕೊನೆಯಲ್ಲಿ ಹೆಚ್ಚುಕಮ್ಮಿ ಏಳರವರೆಗೆ ಇರುತ್ತದೆ. ಹುಬ್ಬಳ್ಳಿಯಿಂದ ಮಧ್ಯಾಹ್ನ ಊಟ ಮಾಡಿ ಹೊರಟವರು ಡಿಸೆಂಬರ್‌ನಲ್ಲಿ ಕತ್ತಲೆಗೆ ತಲುಪುತ್ತಾರೆ, ಅದೇ ಅವರಿಗೆ ಬೇಕಾದ ಮಾಹಿತಿ.

"ಇಲ್ಲ" ಅಂತ ಬರೆದ ಪುಟದಿಂದ ಆರ್ಡರ್ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಬೇರೆ ಎಲ್ಲರೂ ಹಾರಿಸ್ತೀವಿ ಅಂದಿದ್ದರು, ನೀವೊಬ್ಬರೇ ಇದ್ದದ್ದು ಹೇಳಿದಿರಿ ಅಂತ ಒಬ್ಬರು ಬುಕ್ ಮಾಡಿದರು.

ಅಂಕೋಲೆ ಅಕ್ಕ · ಮಂಗಳವಾರ ಬೆಳಗ್ಗೆ 7:15

ನಾನು ಮಕ್ಕಳ ಫೋಟೋ ತೆಗೆಯುತ್ತೇನೆ. ನಾಮಕರಣ, ಮೊದಲ ಹುಟ್ಟುಹಬ್ಬ. ನನ್ನ ಪ್ರಶ್ನೆ ಬೇರೆ. ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷ್‌ನಲ್ಲೋ? ಹುಡುಕುವವರು ಇಂಗ್ಲಿಷ್ ಅಕ್ಷರದಲ್ಲಿ ಹುಡುಕುತ್ತಾರೆ, ಆದರೆ ನನಗೆ ಇಂಗ್ಲಿಷ್‌ನಲ್ಲಿ ಬರೆದರೆ ಶಾಲೆ ಪ್ರಬಂಧದ ಹಾಗಾಗುತ್ತದೆ. ಒಮ್ಮೆ ಕನ್ನಡದಲ್ಲಿ ಬರೆದು ಲಿಂಕ್ ಕಳಿಸಿದೆ. ಅದು ಪರ್ಸೆಂಟ್ ಗುರುತು, ಇ ಝೀರೋ, ಬಿ ಟೂ ಅಂತ ಅರ್ಧ ಪರದೆ ತುಂಬಿತು. ನಮ್ಮ ಚಿಕ್ಕಮ್ಮ "ವೈರಸ್ ಕಳಿಸಬೇಡ ಮಗಾ" ಅಂತ ಬ್ಲಾಕ್ ಮಾಡಿದರು.

ತಂತಿಬೇಲಿ · ಮಂಗಳವಾರ ಬೆಳಗ್ಗೆ 8:05

ಹ್ಹಹ್ಹ, ಅಕ್ಕ, ಅದು ವೈರಸ್ ಅಲ್ಲ. ಪುಟದ ವಿಳಾಸದಲ್ಲಿ ಕನ್ನಡ ಅಕ್ಷರ ಇದ್ದರೆ ಕಾಪಿ ಮಾಡಿದಾಗ ಹಾಗೆ ಬಿಚ್ಚಿಕೊಳ್ಳುತ್ತದೆ. ಬರಹ, ತಲೆಬರಹ ಎರಡೂ ಕನ್ನಡದಲ್ಲೇ ಇರಲಿ. ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ನಾಲ್ಕೈದು ಪದ, ನಡುವೆ ಅಡ್ಡಗೆರೆ. ಪ್ರಕಟಿಸುವ ಮೊದಲೇ ಬದಲಾಯಿಸಿ. ಆಮೇಲೆ ಬದಲಾಯಿಸಿದರೆ ಹಳೆ ಲಿಂಕ್ ಸಾಯುತ್ತದೆ, ಅದಕ್ಕೆ ರೀಡೈರೆಕ್ಟ್ (ಹಳೆ ವಿಳಾಸದಿಂದ ಹೊಸದಕ್ಕೆ ಕಳಿಸುವ ಏರ್ಪಾಡು) ಹಾಕಬೇಕಾಗುತ್ತದೆ.

ಭಾಷೆ ವಿಷಯ. ಒಂದೇ ಪುಟದಲ್ಲಿ ಒಂದು ಪ್ಯಾರಾ ಕನ್ನಡ, ಒಂದು ಪ್ಯಾರಾ ಇಂಗ್ಲಿಷ್ ಬೇಡ. ಎರಡೂ ಬೇಕಾದರೆ ಎರಡು ಪುಟ ಮಾಡಿ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಕೊಡಿ. ನನ್ನ ಅಭಿಪ್ರಾಯ ಕೇಳಿದರೆ, ಸೇವೆ ಮತ್ತು ದರದ ಪುಟ ಎರಡು ಭಾಷೆಯಲ್ಲೂ ಇರಲಿ, ಕಥೆಯ ಬರಹ ನಿಮಗೆ ಸಲೀಸಾದ ಭಾಷೆಯಲ್ಲಿ ಇರಲಿ. ಕನ್ನಡದಲ್ಲಿ ಇಂಥ ವಿಷಯಕ್ಕೆ ಪೈಪೋಟಿಯೂ ಕಡಿಮೆ.

ಮತ್ತೆ, ದರ ಪಟ್ಟಿಯನ್ನು ಚೆಂದದ ಡಿಸೈನ್ ಮಾಡಿ ಜೆಪೆಗ್ ಹಾಕುತ್ತೀರಲ್ಲ, ಎಲ್ಲರೂ, ಅದನ್ನು ಬಿಡಿ. ಅಕ್ಷರವಾಗಿ ಟೈಪ್ ಮಾಡಿ.

ಭಟ್ಕಳ ಬಸ್ ಸ್ಟ್ಯಾಂಡ್ · ಮಂಗಳವಾರ ಬೆಳಗ್ಗೆ 9:40

ದರ ಬರೆದು ಹಾಕುವುದಾ? ಪಕ್ಕದ ಅಂಗಡಿಯವನು ನೋಡಿ ಸಾವಿರ ಕಡಿಮೆ ಹೇಳುತ್ತಾನೆ.

ಕಾಳಿ ದಂಡೆ · ಮಂಗಳವಾರ ಬೆಳಗ್ಗೆ 10:20

ಅವನು ಈಗಲೂ ಹೇಳುತ್ತಾನೆ ಅಣ್ಣ. ನಾನು "ಇಷ್ಟರಿಂದ ಶುರು" ಅಂತ ಒಂದು ಅಂಕಿ, ಅದರೊಳಗೆ ಏನೇನು ಬರುತ್ತದೆ ಅಂತ ಬರೆದಿದ್ದೇನೆ. ಆಲ್ಬಮ್ ಎಷ್ಟು ಹಾಳೆ, ಎಷ್ಟು ದಿನಕ್ಕೆ ಕೊಡುತ್ತೇನೆ, ಘಟ್ಟ ಹತ್ತಿದರೆ ಪ್ರಯಾಣ ಖರ್ಚು ಯಾರದ್ದು. ಸುಮ್ನೆ ರೇಟ್ ಕೇಳಿ ಇಡುವವರ ಫೋನ್ ಕಡಿಮೆಯಾಯಿತು. ಅದೇ ನನಗೆ ಲಾಭ.

ಕುಮಟಾ ಸ್ಟುಡಿಯೋ · ಮಂಗಳವಾರ ರಾತ್ರಿ 10:10

ಎಲ್ಲರಿಗೂ ಧನ್ಯವಾದ. ತಂಗಿ ಹೇಳಿದ ಹಾಗೆ ಸರ್ಚ್ ಕನ್ಸೋಲ್ ತೆರೆದೆ. ಅಕ್ಕನ ಮಗ ಯಾವಾಗಲೋ ಜೋಡಿಸಿಟ್ಟಿದ್ದ, ನಾನೇ ನೋಡಿರಲಿಲ್ಲ.

ಮೇಲಿನಿಂದ ಹತ್ತು ಸಾಲು ಫಂಗಸ್ಸೇ. ಅದನ್ನು ಬಿಟ್ಟು ಕೆಳಗೆ ಇಳಿದರೆ ಮಜಾ ಇದೆ. "ಮಿರ್ಜಾನ್ ಫೋರ್ಟ್ ಫೋಟೋಶೂಟ್ ಪರ್ಮಿಷನ್." ನಾನು ಮಿರ್ಜಾನ್ ಕೋಟೆಯ ಬಗ್ಗೆ ಎಲ್ಲೋ ಒಂದು ಸಾಲು ಬರೆದಿದ್ದೆ, ಅದಕ್ಕೇ ಗೂಗಲ್ ನನ್ನನ್ನು ಹದಿನೆಂಟನೇ ಜಾಗದಲ್ಲಿ ತೋರಿಸಿದೆ. ಇನ್ನೊಂದು, "ಓಂ ಬೀಚ್ ಪ್ರಿ ವೆಡ್ಡಿಂಗ್ ಡ್ರೆಸ್ ಚೇಂಜ್." ಓದಿ ನಗು ಬಂತು, ಆಮೇಲೆ ಯೋಚನೆ ಮಾಡಿದೆ. ಪ್ರತಿ ಶೂಟ್‌ಗೂ ಹುಡುಗಿಯರು ಕೇಳುವ ಮೊದಲ ಪ್ರಶ್ನೆ ಅದೇ. ಸೀರೆ ಎಲ್ಲಿ ಬದಲಾಯಿಸಬೇಕು? ನಾವು ಬೆಳಕು, ಲೆನ್ಸು ಅಂತ ತಲೆ ಕೆಡಿಸಿಕೊಂಡಿರುತ್ತೇವೆ, ಅವರಿಗೆ ಕಾರಿನ ಹಿಂದೆ ಬೆಡ್‌ಶೀಟ್ ಹಿಡಿದು ನಿಲ್ಲುವ ಚಿಂತೆ.

ಈ ಎರಡನ್ನೂ ಬರೆಯುತ್ತೇನೆ. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಟ್ರೈಪಾಡ್, ಲೈಟ್ ಹಿಡಿದು ಹೋಗುವ ಮೊದಲು ಅನುಮತಿ ಬೇಕು. ಬೀಚ್ ಬರಹದಲ್ಲಿ ಉಬ್ಬರ ಇಳಿತದ ವಿಷಯವನ್ನೂ ಸೇರಿಸುತ್ತೇನೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೋದ ಶನಿವಾರ ಬಂಡೆ ಮೇಲೆ ನಿಂತು ತೆಗೆಸಿಕೊಂಡ ಗೆಳತಿಯ ಫೋಟೋ ನೋಡಿ ಈ ಶನಿವಾರ ಅದೇ ಹೊತ್ತಿಗೆ ಬಂದರೆ ಬಂಡೆ ಸುತ್ತ ನೀರು. ಮಳೆಗಾಲದಲ್ಲಂತೂ ಆ ಬಂಡೆ ಹತ್ತುವುದೇ ಬೇಡ.

ಒಂದು ಅನುಮಾನ. ಹಳೆ ಗಿರಾಕಿಗಳ ಫೋಟೋ ಬ್ಲಾಗಿಗೆ ಹಾಕಬಹುದಲ್ಲ? ತೆಗೆದವನು ನಾನೇ ತಾನೆ.

ಕೋರ್ಟ್ ರಸ್ತೆ · ಮಂಗಳವಾರ ರಾತ್ರಿ 10:55

ತಡೆಯಿರಿ. ತೆಗೆದವರು ನೀವೇ, ಆದರೆ ಹಕ್ಕು ನಿಮ್ಮದೇ ಅಂತ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ನೋಡಿ. ಯಾರಾದರೂ ದುಡ್ಡು ಕೊಟ್ಟು ತಮಗಾಗಿ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ತೆಗೆಸಿದವರೇ. ಸುಮಾರು ಫೋಟೋಗ್ರಾಫರ್‌ಗಳಿಗೆ ಇದು ಗೊತ್ತಿಲ್ಲ. ಬುಕಿಂಗ್ ರಸೀದಿಯಲ್ಲೇ ಹಕ್ಕು ಯಾರದ್ದು, ಯಾವ ಫೋಟೋ ಎಲ್ಲಿ ಬಳಸುತ್ತೀರಿ ಅಂತ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಬೇಡ ಅನ್ನಲು ಒಂದು ಚೌಕ ಬಿಡಿ.

ಅಂಕೋಲೆ ಅಕ್ಕ · ಮಂಗಳವಾರ ರಾತ್ರಿ 11:20

ಕಾಯ್ದೆ ಬದಿಗಿರಲಿ, ನನಗಾದದ್ದು ಹೇಳುತ್ತೇನೆ. ಒಂದು ಮದುವೆಯ ಬರಹದಲ್ಲಿ ಮದುಮಗಳ ತಂಗಿ ಮೆಹಂದಿ ರಾತ್ರಿ ಕುಣಿಯುತ್ತಿದ್ದ ಫೋಟೋ ಹಾಕಿದೆ. ಅಕ್ಕ ಒಪ್ಪಿದ್ದಳು. ತಂಗಿಯನ್ನು ಯಾರು ಕೇಳಿದರು? ಆರು ತಿಂಗಳಾದ ಮೇಲೆ ಅವಳಿಗೆ ಸಂಬಂಧ ನೋಡುವಾಗ ಗಂಡಿನ ಕಡೆಯವರು ಅವಳ ಹೆಸರು ಹುಡುಕಿದರು, ಅದೇ ಫೋಟೋ ಮೇಲೆ ಬಂತು. ಆಲ್ಟ್ ಟೆಕ್ಸ್ಟ್‌ನಲ್ಲಿ ನಾನೇ ಅವಳ ಹೆಸರು, ಊರು ಎಲ್ಲ ಚೆನ್ನಾಗಿ ಬರೆದಿದ್ದೆ. ಅವಳು ಫೋನಲ್ಲಿ ಅತ್ತಳು. ನಾನು ಆ ಕ್ಷಣವೇ ಅಳಿಸಿದೆ. ಆದರೂ ಗೂಗಲ್ ಚಿತ್ರಗಳಲ್ಲಿ ಸಣ್ಣದಾಗಿ ಕಾಣುತ್ತಲೇ ಇತ್ತು.

ಈಗ ಯಾರ ಹೆಸರನ್ನೂ ಹಾಕುವುದಿಲ್ಲ. ಮಕ್ಕಳದ್ದಂತೂ ಮುಖ ಕಾಣದ ಫೋಟೋ, ತೊಟ್ಟಿಲು ಹಿಡಿದ ಅಜ್ಜಿಯ ಕೈ, ಬೆಳ್ಳಿ ಕಡಗದ ಕಾಲು. ಅದೂ ಅಪ್ಪ ಅಮ್ಮ ಇಬ್ಬರೂ ಹೂಂ ಅಂದ ಮೇಲೆ.

ತಂತಿಬೇಲಿ · ಬುಧವಾರ ಬೆಳಗ್ಗೆ 7:50

ಹಾಗಾದಾಗ ಸರ್ಚ್ ಕನ್ಸೋಲ್‌ನಲ್ಲಿ ರಿಮೂವಲ್ಸ್ ಅಂತ ಇದೆ ಅಕ್ಕ, ಬೇಗ ಮರೆಯಾಗುತ್ತದೆ. ಅದು ಸುಮಾರು ಆರು ತಿಂಗಳಿಗೆ ಮಾತ್ರ, ಅಷ್ಟರಲ್ಲಿ ಮೂಲ ಫೋಟೋವನ್ನೂ ಸೈಟಿನಿಂದ ತೆಗೆದಿರಬೇಕು.

ಘಟ್ಟದ ಮೇಲಿನವ · ಬುಧವಾರ ಬೆಳಗ್ಗೆ 8:30

ಅಂಕೋಲೆ ಅಕ್ಕ ಹೇಳಿದ ಮೇಲೆ ನನ್ನ ಹಳೆಯ ಬರಹಗಳನ್ನೂ ಒಮ್ಮೆ ನೋಡಬೇಕು ಅನ್ನಿಸಿತು. ಇವತ್ತು ಹೇಗೂ ಜಡಿಮಳೆ, ಕರೆಂಟ್ ಇರುವಷ್ಟು ಹೊತ್ತು ಅದೇ ಕೆಲಸ.

ಕುಮಟಾದವರೇ, ಆಷಾಢದಲ್ಲೇ ಬರೆದು ಮುಗಿಸಿ. ಬರೆದ ಮಾರನೇ ದಿನ ಗೂಗಲ್ ತೋರಿಸುವುದಿಲ್ಲ, ವಾರಗಟ್ಟಲೆ ತಿಂಗಳುಗಟ್ಟಲೆ ಬೇಕು. ತುಳಸಿ ಮದುವೆ ಮುಗಿದ ಮೇಲೆ ಬರೆಯಲು ಕೂತರೆ ಆ ಸೀಸನ್ ಹೋದ ಹಾಗೆ. ಹಳೆಯದನ್ನೂ ತಿದ್ದುತ್ತಿರಿ. ನಾನು "ಶಿರಸಿಯಿಂದ ಗೋಕರ್ಣಕ್ಕೆ ಶೂಟ್‌ಗೆ ಹೋಗುವುದು" ಅಂತ ಬರೆದು ದೇವಿಮನೆ ಘಟ್ಟದ ದಾರಿ ಹೇಳಿದ್ದೆ. ರಸ್ತೆ ಕೆಲಸಕ್ಕೆ ಘಟ್ಟ ಬಂದ್ ಆದಾಗ ತಿದ್ದಲಿಲ್ಲ. ಒಬ್ಬರು ನನ್ನ ಬರಹ ನಂಬಿ ಹೊರಟು, ಅರ್ಧ ದಾರಿಯಿಂದ ಫೋನ್ ಮಾಡಿ ಬೈದರು. ಬೈದದ್ದು ಸರಿಯಾಗಿಯೇ ಇತ್ತು.

ಕುಮಟಾ ಸ್ಟುಡಿಯೋ · ನಾಲ್ಕು ತಿಂಗಳ ನಂತರ

ಈ ಚರ್ಚೆ ಇನ್ನೂ ತೆರೆದಿದೆ, ಹಾಗಾಗಿ ಬರೆಯುತ್ತಿದ್ದೇನೆ. ಐದು ಬರಹ ಹಾಕಿದೆ. ನಾನೂ ಫೋನ್ ಪಕ್ಕ ನೋಟ್‌ಬುಕ್ ಇಟ್ಟೆ, ಎಲ್ಲ ಅದರಿಂದ ಮತ್ತೆ ಸರ್ಚ್ ಕನ್ಸೋಲ್‌ನಿಂದ ಎತ್ತಿದ್ದು. ಫೋಟೋ ಸಣ್ಣ ಮಾಡಿದೆ, ರಸೀದಿಯಲ್ಲಿ ಒಪ್ಪಿಗೆಯ ಸಾಲು ಹಾಕಿಸಿದೆ. ಫಂಗಸ್ ಬರಹವನ್ನು ಅಳಿಸಿಲ್ಲ, ಮೇಲೊಂದು ಸಾಲು ಸೇರಿಸಿದೆ: "ನಾನು ಲೆನ್ಸ್ ರಿಪೇರಿ ಮಾಡುವುದಿಲ್ಲ, ಮದುವೆ ಫೋಟೋ ತೆಗೆಯುತ್ತೇನೆ."

ಡ್ರೆಸ್ ಬದಲಾಯಿಸುವ ಬರಹ ಚೆನ್ನಾಗಿ ಓಡುತ್ತಿದೆ. ಮೊದಲ ಫೋನ್ ಬಂತು. ಖುಷಿಯಿಂದ ಎತ್ತಿದೆ. "ಡ್ರೆಸ್ ಚೇಂಜ್ ಮಾಡಲು ರೂಮ್ ಸಿಗುತ್ತೆ ಅಂತ ಬರೆದಿದ್ದೀರಲ್ಲ, ಶನಿವಾರ ಭಾನುವಾರ ನಾಲ್ಕು ಜನಕ್ಕೆ ಎಷ್ಟಾಗುತ್ತೆ?" ಲಾಡ್ಜ್ ಅಂದುಕೊಂಡಿದ್ದರು.

ಎರಡನೆಯದೂ ಹಾಗೇ. ಮೂರನೆಯದು ಹುಬ್ಬಳ್ಳಿಯಿಂದ, ಮದುಮಗಳ ಅಮ್ಮ. ಬರಹ ಪೂರ್ತಿ ಓದಿದ್ದರು. "ನಿಮ್ಮ ಜೊತೆ ಹೆಣ್ಣುಮಕ್ಕಳು ಯಾರಾದರೂ ಇರುತ್ತಾರಾ?" ಅಂತ ಕೇಳಿದರು. ಹೆಂಡತಿ ಬರುತ್ತಾಳೆ, ಸೀರೆ ನೆರಿಗೆ ಅವಳೇ ಸರಿ ಮಾಡುತ್ತಾಳೆ ಅಂದೆ. ಅಡ್ವಾನ್ಸ್ ಕಳಿಸಿದರು. ಪ್ರಿ ವೆಡ್ಡಿಂಗ್ ಮತ್ತೆ ಮದುವೆ, ಎರಡೂ.

ಆ ಪ್ರಶ್ನೆಯನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇನೆ.

ಭಟ್ಕಳ ಬಸ್ ಸ್ಟ್ಯಾಂಡ್ · ಅದೇ ದಿನ

ಒಳ್ಳೆಯದಾಯಿತು. ರೂಮ್ ಕೇಳಿದವರ ನಂಬರ್ ನನಗೆ ಕೊಡಿ, ನಮ್ಮ ಭಾವನದ್ದು ಲಾಡ್ಜ್ ಇದೆ.

ಮತ್ತೆ ತಂಗೀ, ಮ್ಯಾಪ್‌ನಲ್ಲಿ ನನ್ನ ಅಂಗಡಿ ಈಗ ತೆರೆದಿದೆ. ಆದರೆ ಮೀನು ಮಾರುಕಟ್ಟೆ ಒಳಗೆ ತೋರಿಸುತ್ತಿದೆ. ಗುರುತನ್ನು ಎಳೆಯುವುದು ಹೇಗೆ?